ಪಿ53 ತರಿಸಿದೆವು, ಜೆಲ್‌ನಲ್ಲಿ ಶಿಫ್ಟೇ ಇಲ್ಲ. ಎಲ್ಲಿ ಎಡವಿದೆ?

ಶಿಫ್ಟ್ ಕಾಣದವ | ಮಂಗಳವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಹೆಬ್ಬಾಳದ ಆಚೆ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಮೂರು ವಾರದಿಂದ ಒಂದೇ ಪ್ರಯೋಗದ ಜೊತೆ ಗುದ್ದಾಡುತ್ತಿದ್ದೇನೆ. ಗೈಡ್ ಮುಂದೆ ಹೋಗಿ ನಿಲ್ಲುವ ಮೊದಲು ಇಲ್ಲಿ ಕೇಳಿಬಿಡೋಣ ಅನ್ನಿಸಿತು.

ರೀಕಾಂಬಿನೆಂಟ್ (ಬೇರೆ ಜೀವಿಯಲ್ಲಿ ಮಾಡಿಸಿದ) ಹ್ಯೂಮನ್ ಪಿ53 ತರಿಸಿದ್ದೆವು, ಡಿಎನ್‌ಎಗೆ ಅಂಟಿ ಜೀನ್‌ಗಳನ್ನು ಆನ್ ಮಾಡುವ ಪ್ರೋಟೀನ್. ಪೂರ್ತಿ ಉದ್ದದ್ದು, 393 ಅಮೈನೋ ಆಮ್ಲ, ಮುಂದೆ ಹಿಸ್ ಟ್ಯಾಗ್ (ಶುದ್ಧ ಮಾಡಲು ಸೇರಿಸುವ ಸಣ್ಣ ತುಂಡು), ಇ. ಕೋಲೈನಲ್ಲಿ ಮಾಡಿದ್ದು. 50 ಮೈಕ್ರೋಗ್ರಾಂ. ಮಿಲಿಲೀಟರ್‌ಗೆ 0.5 ಮಿಲಿಗ್ರಾಂ ಲೆಕ್ಕದಲ್ಲಿ ಟ್ಯೂಬಿನಲ್ಲಿ ಇರುವುದೇ 100 ಮೈಕ್ರೋಲೀಟರ್. ಕಣ್ಣಿಗೆ ಎರಡು ಹನಿ. ಬೆಲೆ ನನ್ನ ಒಂದು ತಿಂಗಳ ಫೆಲೋಶಿಪ್‌ಗಿಂತ ಜಾಸ್ತಿ.

ಮಾಡಬೇಕಿರುವುದು ಜೆಲ್ ಶಿಫ್ಟ್. ಫ್ಲೋರೆಸೆಂಟ್ ಬಣ್ಣ ಹಚ್ಚಿದ ಡಿಎನ್‌ಎ ತುಂಡು, ಪಿ21 ಜೀನಿನ ಪ್ರೊಮೋಟರ್‌ನಲ್ಲಿ (ಜೀನ್ ಆನ್ ಆಗುವ ಜಾಗ) ಪಿ53 ಕೂರುವ ಜಾಗದ್ದು. ಪ್ರೋಟೀನ್ ಅದಕ್ಕೆ ಅಂಟಿದರೆ ಡಿಎನ್‌ಎ ಜೆಲ್‌ನಲ್ಲಿ ನಿಧಾನವಾಗಿ ಓಡಬೇಕು, ಬ್ಯಾಂಡ್ ಮೇಲೆ ಕಾಣಬೇಕು. ನನ್ನದು ಎಲ್ಲಾ ಲೇನ್‌ನಲ್ಲೂ ಕೆಳಗೇ ಇದೆ. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ಹಾಗೇ.

ಇನ್ನೊಂದು ಅನುಮಾನ. ಜೊತೆಗೆ ಬಂದ ಹಾಳೆಯಲ್ಲಿ ತೂಕ ಸುಮಾರು 45 ಕಿಲೋಡಾಲ್ಟನ್ ಅಂತ ಇದೆ. ನಾನು ಎಸ್‌ಡಿಎಸ್ ಜೆಲ್ (ಪ್ರೋಟೀನಿನ ತೂಕ ಅಂದಾಜಿಸುವ ಜೆಲ್) ಓಡಿಸಿದರೆ 55ರ ಹತ್ತಿರ ಬಂತು. ಬೇರೆ ಯಾವುದೋ ಪ್ರೋಟೀನ್ ಕಳಿಸಿಬಿಟ್ಟಿದ್ದಾರಾ?

ಬೊಮ್ಮಸಂದ್ರ ನೈಟ್‌ಶಿಫ್ಟ್ | ರಾತ್ರಿ 11:48

ಹೆಸರು ಚೆನ್ನಾಗಿದೆ ಗುರು. ನನ್ನದು ಶಿಫ್ಟ್ ಮುಗಿಯದ ಕಷ್ಟ, ನಿನ್ನದು ಶಿಫ್ಟ್ ಆಗದ ಕಷ್ಟ.

ಪಿಪೆಟ್ ಅಕ್ಕ | ಬುಧವಾರ ಬೆಳಗ್ಗೆ 6:30

ಕೊನೆಯ ಅನುಮಾನ ಮೊದಲು ಬಗೆಹರಿಸೋಣ. ಪ್ರೋಟೀನ್ ಸರಿಯಾಗಿದೆ. ಪಿ53 ಅನ್ನೋ ಹೆಸರೇ ಒಂದು ತಪ್ಪು ಅಳತೆ. 1979ರಲ್ಲಿ ಎಸ್‌ವಿ40 ವೈರಸ್ಸಿನ ದೊಡ್ಡ ಟಿ ಆಂಟಿಜೆನ್ ಜೊತೆ ಅಂಟಿಕೊಂಡು ಬಂದಾಗ ಜೆಲ್‌ನಲ್ಲಿ 53ರ ಆಸುಪಾಸು ಕಂಡಿತು. ಆ ಅಂಕಿಯೇ ಹೆಸರಾಯಿತು. ಅಮೈನೋ ಆಮ್ಲ ಎಣಿಸಿದರೆ ಅದರ ತೂಕ 43.7 ಮಾತ್ರ. ಒಳಗೆ ಪ್ರೋಲಿನ್ ತುಂಬಿದ ಒಂದು ಭಾಗ ಇದೆ, ಅದರಿಂದ ಜೆಲ್‌ನಲ್ಲಿ ತೆವಳಿಕೊಂಡು ಹೋಗುತ್ತದೆ. ನಿಮ್ಮದಕ್ಕೆ ಟ್ಯಾಗ್ ಬೇರೆ ಸೇರಿದೆ. ಹಾಗಾಗಿ ಹಾಳೆಯ 45 ಸರಿ, ಜೆಲ್‌ನ 55 ಕೂಡ ಸರಿ. ಅದನ್ನು ಬಿಟ್ಟುಬಿಡಿ.

ಶಿಫ್ಟ್ ವಿಷಯಕ್ಕೆ ಸಂಜೆ ಬರುತ್ತೇನೆ. ಅಷ್ಟರಲ್ಲಿ ನೀವು ಮಾಡಿದ್ದನ್ನು ಒಂದೂ ಬಿಡದೆ ಬರೆಯಿರಿ. "ಸ್ಟ್ಯಾಂಡರ್ಡ್ ಪ್ರೋಟೋಕಾಲ್" ಅಂತ ಮಾತ್ರ ಬರೆಯಬೇಡಿ.

ಹಳೇ ಕೋಲ್ಡ್‌ರೂಮ್ | ಬೆಳಗ್ಗೆ 7:10

ಮೂವತ್ತು ವರ್ಷ ಪ್ರೋಟೀನ್ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದವನು. ಈಗ ರಿಟೈರ್ಡ್, ಬೆಳಗ್ಗೆ ಬೇರೆ ಕೆಲಸ ಇಲ್ಲ. ನಾಲ್ಕು ಪ್ರಶ್ನೆ ಕೇಳುತ್ತೇನೆ, ನಾಚಿಕೊಳ್ಳದೆ ಹೇಳಪ್ಪ.

ಪಾರ್ಸೆಲ್ ಬಂದಾಗ ಡಬ್ಬದಲ್ಲಿ ಡ್ರೈ ಐಸ್ ಉಳಿದಿತ್ತಾ? ಟ್ಯೂಬನ್ನು ಎಷ್ಟು ಸಲ ಕರಗಿಸಿದೆ? ಯಾವುದರಲ್ಲಿ ಡೈಲ್ಯೂಟ್ ಮಾಡಿದೆ? ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಇಟ್ಟೆ?

ಶಿಫ್ಟ್ ಕಾಣದವ | ಬೆಳಗ್ಗೆ 9:05

ಸರ್, ಡ್ರೈ ಐಸ್ ಇತ್ತು. ತಳದಲ್ಲಿ ಒಂದು ಹಿಡಿಯಷ್ಟು. ಟ್ಯೂಬ್ ಕಲ್ಲಿನ ಹಾಗೆ ಗಟ್ಟಿ ಇತ್ತು.

ಅವತ್ತೇ ಐಸ್ ಮೇಲೆ ಕರಗಿಸಿ 20 ಮೈಕ್ರೋಲೀಟರ್‌ನ ಐದು ಅಲಿಕಾಟ್ (ಸಣ್ಣ ಪಾಲು) ಮಾಡಿ ಮೈನಸ್ 80ಕ್ಕೆ ಹಾಕಿದೆ. ಅದರಲ್ಲಿ ಒಂದನ್ನೇ ನಾಲ್ಕು ಸಲ ತೆಗೆದು ಬಳಸಿ ಮತ್ತೆ ಒಳಗಿಟ್ಟೆ. ಉಳಿದ ನಾಲ್ಕು ಮುಟ್ಟಿಲ್ಲ.

ಡೈಲ್ಯೂಷನ್ ಟಿಇಯಲ್ಲಿ, ಡಿಎನ್‌ಎ ಇಡುವ ಬಫರ್. 25 ಪಟ್ಟು. ಮೈಕ್ರೋಲೀಟರ್‌ಗೆ 20 ನ್ಯಾನೋಗ್ರಾಂ ಬರುವಂತೆ ಮಾಡಿ, 20 ಮೈಕ್ರೋಲೀಟರ್ ರಿಯಾಕ್ಷನ್‌ಗೆ 1 ಮೈಕ್ರೋಲೀಟರ್ ಹಾಕಿದೆ. ಪ್ರೋಬ್, ಅಂದರೆ ಆ ಬಣ್ಣದ ಡಿಎನ್‌ಎ, 1 ಪಿಕೋಮೋಲ್. ಪಾಲಿ ಡಿಐ-ಡಿಸಿ (ಸಿಕ್ಕಸಿಕ್ಕಲ್ಲಿ ಅಂಟುವುದನ್ನು ಸೆಳೆಯಲು ಹಾಕುವ ಬೇರೆ ಡಿಎನ್‌ಎ) 1 ಮೈಕ್ರೋಗ್ರಾಂ.

ಡ್ರೈ ಬಾತ್‌ನಲ್ಲಿ 37 ಡಿಗ್ರಿ, 30 ನಿಮಿಷ. ಮನುಷ್ಯರ ಪ್ರೋಟೀನ್ ಅಲ್ವಾ, ಮೈಬಿಸಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ ಅಂದುಕೊಂಡೆ.

ಬಫರ್ ಭಟ್ರು | ಬೆಳಗ್ಗೆ 9:12

ಟಿಇಯಾ! ಅಯ್ಯೋ ಮಾರಾಯ್ರೆ.

ಹಳೇ ಕೋಲ್ಡ್‌ರೂಮ್ | ಬೆಳಗ್ಗೆ 9:20

37 ಡಿಗ್ರಿಯಾ! ಟಿಇ ಬಿಡಿ ಭಟ್ರೇ, ಅದು ಆಮೇಲಿನ ಮಾತು.

ಎಂಎಸ್ಸಿ ಫೈನಲ್ | ಬೆಳಗ್ಗೆ 10:02

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಂದರೆ ಪರೀಕ್ಷೆಗೆ ಬರೆಯುವಷ್ಟು ಗೊತ್ತು. ಆದರೆ ಟಿಇ ಯಾಕೆ ತಪ್ಪು? ಎಲ್ಲರೂ ಡಿಎನ್‌ಎಗೆ ಅದನ್ನೇ ಹಾಕುತ್ತಾರಲ್ಲ?

ಬಫರ್ ಭಟ್ರು | ಬೆಳಗ್ಗೆ 10:40

ಡಿಎನ್‌ಎಗೆ ಟಿಇ ಒಳ್ಳೆಯದೇ. ಡಿಎನ್‌ಎ ಕತ್ತರಿಸುವ ಎಂಜೈಮ್‌ಗಳಿಗೆ ಮೆಗ್ನೀಸಿಯಂ ಬೇಕು. ಟಿಇಯಲ್ಲಿರುವ ಇಡಿಟಿಎ ಅದನ್ನು ಕಿತ್ತುಕೊಂಡು ಕೂರುತ್ತದೆ, ಡಿಎನ್‌ಎ ಉಳಿಯುತ್ತದೆ. ಆದರೆ ಇಡಿಟಿಎಗೆ ಮೆಗ್ನೀಸಿಯಂ ಯಾವುದು ಝಿಂಕ್ ಯಾವುದು ಅಂತ ಭೇದ ಇಲ್ಲ. ಝಿಂಕ್ ಅಂದರೆ ಅದಕ್ಕೆ ಇನ್ನೂ ಪ್ರೀತಿ ಜಾಸ್ತಿ.

ಪಿ53ಯ ಹೊಟ್ಟೆಯೊಳಗೆ ಒಂದು ಝಿಂಕ್ ಅಯಾನ್ ಇದೆ. ಡಿಎನ್‌ಎ ಹಿಡಿಯುವ ಭಾಗದಲ್ಲಿ ಮೂರು ಸಿಸ್ಟೀನ್, ಒಂದು ಹಿಸ್ಟಿಡಿನ್ ಸೇರಿ ಅದನ್ನು ಹಿಡಿದುಕೊಂಡಿವೆ: 176, 179, 238, 242ನೇ ಜಾಗಗಳು. ಕೊಡೆಯ ಕಡ್ಡಿಗಳನ್ನು ಒಟ್ಟಿಗೆ ಹಿಡಿದಿರುವ ಮೊಳೆಯ ಹಾಗೆ ಅದು. ಮೊಳೆ ಕಿತ್ತರೆ ಬಟ್ಟೆ, ಕಡ್ಡಿ ಎಲ್ಲಾ ಇರುತ್ತದೆ, ಕೊಡೆ ಮಾತ್ರ ಬಿಚ್ಚುವುದಿಲ್ಲ. ಡಿಎನ್‌ಎಯನ್ನು ಮುಟ್ಟುವ ಕುಣಿಕೆಗಳು ಆ ಝಿಂಕ್ ಇದ್ದರೆ ಮಾತ್ರ ಸರಿಯಾದ ಜಾಗದಲ್ಲಿ ನಿಲ್ಲುತ್ತವೆ.

ಈಗ ಲೆಕ್ಕ ನೋಡಿ. ಮೈಕ್ರೋಲೀಟರ್‌ಗೆ 20 ನ್ಯಾನೋಗ್ರಾಂ ಅಂದರೆ ಸುಮಾರು 0.46 ಮೈಕ್ರೋಮೋಲಾರ್ ಪ್ರೋಟೀನ್. ಝಿಂಕ್ ಕೂಡ ಅಷ್ಟೇ. ಟಿಇಯಲ್ಲಿ ಇಡಿಟಿಎ 1 ಮಿಲಿಮೋಲಾರ್. ಒಂದು ಝಿಂಕಿಗೆ ಎರಡು ಸಾವಿರಕ್ಕೂ ಜಾಸ್ತಿ ಇಡಿಟಿಎ ಕಾದು ಕೂತಿವೆ. ಮದುವೆ ಊಟದ ಕೊನೇ ಪಂಕ್ತಿಯಲ್ಲಿ ಉಳಿದ ಒಂದೇ ಒಂದು ಹೋಳಿಗೆಗೆ ಇಡೀ ಛತ್ರ ಕೈಚಾಚಿದ ಹಾಗೆ.

ಪಿಪೆಟ್ ಅಕ್ಕ | ಮಧ್ಯಾಹ್ನ 1:15

ಊಟದ ಬಿಡುವಲ್ಲಿ ಬರೆಯುತ್ತಿದ್ದೇನೆ. ಭಟ್ರೇ, ಹೋಳಿಗೆ ಲೆಕ್ಕ ಸರಿ. ಆದರೆ ತಪ್ಪೆಲ್ಲಾ ಇಡಿಟಿಎಯದೇ ಅಂದರೆ ನಾನು ಒಪ್ಪುವುದಿಲ್ಲ. ಜೆಲ್ ಓಡಿಸುವ ಅರ್ಧ ಸ್ಟ್ರೆಂತ್ ಟಿಬಿಇಯಲ್ಲೂ 1 ಮಿಲಿಮೋಲಾರ್ ಇಡಿಟಿಎ ಇದೆ. ಅದೇ ಬಫರ್‌ನಲ್ಲಿ ಪಿ53 ಶಿಫ್ಟ್ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ನಾನೂ ಮಾಡಿದ್ದೇನೆ. ಮಡಿಕೆ (ಪ್ರೋಟೀನ್ ಮಡಚಿಕೊಂಡ ಆಕಾರ) ಸರಿಯಾಗಿರುವ ತಣ್ಣಗಿನ ಪ್ರೋಟೀನ್ ಝಿಂಕನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬಿಸಿ ತಗುಲಿ ಮಡಿಕೆ ಸಡಿಲವಾದಾಗ ಬಿಡುತ್ತದೆ. ಆಗ ಪಕ್ಕದಲ್ಲಿ ಇಡಿಟಿಎ ಇದ್ದರೆ ಝಿಂಕ್ ವಾಪಸ್ ಬರುವ ಮಾತೇ ಇಲ್ಲ.

ಹಾಗಾಗಿ ಕೋಲ್ಡ್‌ರೂಮ್ ಸರ್ ಹೇಳಿದ 37 ಡಿಗ್ರಿಯೇ ದೊಡ್ಡ ಅನುಮಾನ. ಈ ಪ್ರೋಟೀನಿನ ಡಿಎನ್‌ಎ ಹಿಡಿಯುವ ಭಾಗ 45 ಡಿಗ್ರಿ ಮುಟ್ಟುವ ಮುಂಚೆಯೇ ಬಿಚ್ಚಿಕೊಂಡುಬಿಡುತ್ತದೆ. ಆ ಭಾಗವನ್ನೊಂದೇ 37ರಲ್ಲಿ ಇಟ್ಟರೆ ಸುಮಾರು 9 ನಿಮಿಷಕ್ಕೆ ಅರ್ಧ ಬಿಚ್ಚಿಕೊಂಡಿರುತ್ತದೆ. ನೀವು ಇಟ್ಟಿದ್ದು 30 ನಿಮಿಷ.

"ಮನುಷ್ಯರ ಪ್ರೋಟೀನ್ ಅಲ್ವಾ" ಅನ್ನೋ ಯೋಚನೆ ಎಲ್ಲರಿಗೂ ಬರುತ್ತದೆ. ನನಗೂ ಬಂದಿತ್ತು. ಆದರೆ ಜೀವಕೋಶದ ಒಳಗೆ ಪಿ53 ಒಂಟಿಯಾಗಿರುವುದಿಲ್ಲ. ಹೆಚ್‌ಎಸ್‌ಪಿ70, ಹೆಚ್‌ಎಸ್‌ಪಿ90 ಅನ್ನೋ ಸಹಾಯಕರು ಕೈಹಿಡಿದಿರುತ್ತಾರೆ. ಸಾಲದ್ದಕ್ಕೆ ಕೋಶ ಅದನ್ನು ಮಾಡುತ್ತಲೇ ಇರುತ್ತದೆ, ಎಂಡಿಎಂ2 ಅನ್ನೋ ಇನ್ನೊಂದು ಪ್ರೋಟೀನ್ ಹಿಡಿದು ಹಿಡಿದು ನಾಶಕ್ಕೆ ಕಳಿಸುತ್ತಲೇ ಇರುತ್ತದೆ. ಸಾಮಾನ್ಯ ಕೋಶದಲ್ಲಿ ಅದರ ಅರ್ಧಾಯುಷ್ಯ 20 ನಿಮಿಷದ ಆಸುಪಾಸು. ಬೆಳಗಿನ ಇಡ್ಲಿ ಇದ್ದ ಹಾಗೆ, ಬಿಸಿಬಿಸಿ ಮಾಡು, ಖಾಲಿ ಮಾಡು, ಮತ್ತೆ ಮಾಡು. ನಿಮ್ಮ ಟ್ಯೂಬಿನಲ್ಲಿ ಮತ್ತೆ ಮಾಡುವವರು ಯಾರೂ ಇಲ್ಲ.

ಹಳೇ ಕೋಲ್ಡ್‌ರೂಮ್ | ಮಧ್ಯಾಹ್ನ 2:30

ಸರಿಯಾಗಿ ಹೇಳಿದಿರಿ ಮೇಡಂ. ಇನ್ನೊಂದು ಮಾತು ಸೇರಿಸುತ್ತೇನೆ. "ರೂಮ್ ಟೆಂಪರೇಚರ್‌ನಲ್ಲಿ 20 ನಿಮಿಷ" ಅಂತ ಪ್ರೋಟೋಕಾಲ್ ಬರೆದಿರುತ್ತಾರೆ. ಯಾವ ಊರಿನ ರೂಮು? ನಾನು ಕೆಲಸಕ್ಕೆ ಸೇರಿದಾಗ ಬೆಂಗಳೂರಲ್ಲಿ ಲ್ಯಾಬಿಗೆ ಫ್ಯಾನೂ ಬೇಕಿರಲಿಲ್ಲ. ಈಗ ಏಪ್ರಿಲ್‌ನಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಬೆಂಚಿನ ಮೇಲೆ ಥರ್ಮಾಮೀಟರ್ ಇಟ್ಟು ನೋಡು. ನನ್ನ ಕಾಲದಲ್ಲಿ ಒಂದು ಚೀಟಿ ಅಂಟಿಸಿದ್ದೆ: "ರೂಮ್ ಅಂದರೆ 22. ಇಲ್ಲದಿದ್ದರೆ ಐಸ್." ಹುಡುಗರು ನಗುತ್ತಿದ್ದರು.

ಒಂದೇ ಅಲಿಕಾಟ್ ನಾಲ್ಕು ಸಲ ತೆಗೆದು ಇಟ್ಟಿದ್ದೀಯಲ್ಲ, ಅದಕ್ಕೂ ಬೈಯುವುದಿದೆ. ಐದು ಅಲಿಕಾಟ್ ಯಾಕೆ ಮಾಡಿದೆ ಹಾಗಾದರೆ? ಮುಂದಿನ ಸಲ 5 ಮೈಕ್ರೋಲೀಟರ್‌ನದು ಮಾಡು, ಲಿಕ್ವಿಡ್ ನೈಟ್ರೋಜನ್‌ನಲ್ಲಿ ಅದ್ದು. ಒಂದು ಸಲ ತೆರೆದದ್ದು ಅವತ್ತೇ ಮುಗಿಯಬೇಕು. ಉಳಿದರೆ ಬಿಸಾಕು. ಹೊಟ್ಟೆ ಉರಿಯುತ್ತದೆ, ಉರಿಯಲಿ.

ಎಂಎಸ್ಸಿ ಫೈನಲ್ | ಮಧ್ಯಾಹ್ನ 3:05

ಆದರೆ ಹಾಳೆಯಲ್ಲಿ "90 ಪರ್ಸೆಂಟ್‌ಗಿಂತ ಹೆಚ್ಚು ಶುದ್ಧ" ಅಂತ ಬರೆದಿರುತ್ತಾರಲ್ಲ? ಇವರೂ ಎಸ್‌ಡಿಎಸ್ ಜೆಲ್ ಓಡಿಸಿ ಒಂದೇ ಬ್ಯಾಂಡ್ ನೋಡಿದ್ದಾರೆ. ಅಂದರೆ ಪ್ರೋಟೀನ್ ಚೆನ್ನಾಗಿದೆ ಅಂತ ತಾನೇ?

ಬೊಮ್ಮಸಂದ್ರ ನೈಟ್‌ಶಿಫ್ಟ್ | ಮಧ್ಯಾಹ್ನ 3:40

ಈಗಷ್ಟೇ ಎದ್ದೆ. ಈ ಪ್ರಶ್ನೆಗೆ ನಾನು ಹೇಳುತ್ತೇನೆ, ನನ್ನ ಹೊಟ್ಟೆಪಾಡೇ ಕ್ವಾಲಿಟಿ ಕಂಟ್ರೋಲ್.

ಎಸ್‌ಡಿಎಸ್ ಜೆಲ್‌ಗೆ ಹಾಕುವ ಮುಂಚೆ ಏನು ಮಾಡುತ್ತೀರಿ? ಸೋಪಿನಂಥ ಡಿಟರ್ಜೆಂಟ್ ಹಾಕಿ 95 ಡಿಗ್ರಿಯಲ್ಲಿ ಕುದಿಸುತ್ತೀರಿ. ಬದುಕಿದ್ದದ್ದೂ ಅಷ್ಟೇ, ಸತ್ತಿದ್ದದ್ದೂ ಅಷ್ಟೇ, ಎರಡನ್ನೂ ಬಿಚ್ಚಿ ದಾರ ಮಾಡಿ ಓಡಿಸುತ್ತೀರಿ. ಸತ್ತ ಪ್ರೋಟೀನ್ ಕೂಡ ಅಲ್ಲಿ ಸೊಗಸಾದ ಬ್ಯಾಂಡ್ ಕೊಡುತ್ತದೆ. ಆ 90 ಪರ್ಸೆಂಟ್ ಹೇಳುವುದು ಬೇರೆ ಕಸ ಎಷ್ಟಿದೆ ಅಂತ. ಇರುವ ಪಿ53 ಡಿಎನ್‌ಎ ಹಿಡಿಯುತ್ತದಾ ಅನ್ನೋದಕ್ಕೆ ಬೇರೆ ಪರೀಕ್ಷೆ ಬೇಕು. ಹಾಳೆಯಲ್ಲಿ ಡಿಎನ್‌ಎ ಬೈಂಡಿಂಗ್ ಡೇಟಾ ಇದೆಯಾ ನೋಡು. ಅದೂ ನಿನ್ನ ಲಾಟ್ ನಂಬರಿನದ್ದಾ ಅಂತ ನೋಡು. ಇಲ್ಲದಿದ್ದರೆ ನೀನು ತೂಕಕ್ಕೆ ದುಡ್ಡು ಕೊಟ್ಟಿದ್ದೀಯ ಅಷ್ಟೇ.

ಮಡಿಕೆ ನೋಡಬೇಕಾದರೆ ಪಿ53ಗೆ ಒಂದು ಒಳ್ಳೆ ದಾರಿ ಇದೆ. ಪಿಎಬಿ1620 ಅನ್ನೋ ಆಂಟಿಬಾಡಿ ಸರಿಯಾಗಿ ಮಡಿಚಿದ ಪಿ53ಯನ್ನು ಮಾತ್ರ ಹಿಡಿಯುತ್ತದೆ. ಪಿಎಬಿ240 ಅನ್ನೋದು ಬಿಚ್ಚಿಕೊಂಡದ್ದನ್ನು ಹಿಡಿಯುತ್ತದೆ, ಯಾಕೆಂದರೆ ಅದು ಗುರುತಿಸುವ ಜಾಗ ಮಡಿಕೆ ಒಳಗೆ ಅಡಗಿರುತ್ತದೆ. ಕುದಿಸದೆ ಎಲೈಸಾ (ಆಂಟಿಬಾಡಿ ಅಂಟಿತಾ ಅಂತ ಅಳೆಯುವ ಪರೀಕ್ಷೆ) ಮಾಡಿ ಎರಡನ್ನೂ ಪಕ್ಕಪಕ್ಕ ನೋಡಿದರೆ ಗೊತ್ತಾಗಿಬಿಡುತ್ತದೆ.

ಪಿಪೆಟ್ ಅಕ್ಕ | ಸಂಜೆ 7:50

ಬಂದೆ. ಬಿಸಿ, ಇಡಿಟಿಎ ಎರಡೂ ಸರಿ ಮಾಡಿದರೂ ಅವರಿಗೆ ಶಿಫ್ಟ್ ಕಾಣುವುದು ಕಷ್ಟವೇ. ಮೋಲ್ ಲೆಕ್ಕ ನೋಡಿ.

20 ನ್ಯಾನೋಗ್ರಾಂ ಪಿ53 ಅಂದರೆ 0.46 ಪಿಕೋಮೋಲ್. ಆದರೆ ಪಿ53 ಕೆಲಸ ಮಾಡುವುದು ನಾಲ್ಕು ಸೇರಿ. ಪಿ53ಯ ಜಾಗ ಅಂದರೆ ಹತ್ತು ಅಕ್ಷರದ ಎರಡು ತುಂಡು, ಒಂದೊಂದು ತುಂಡಿಗೂ ಇಬ್ಬರು. ಹಾಗಾಗಿ ಪ್ರೋಟೀನನ್ನು ನಾಲ್ಕರಿಂದ ಭಾಗಿಸಿ. ಟೆಟ್ರಾಮರ್ (ನಾಲ್ಕರ ಗುಂಪು) 0.115 ಪಿಕೋಮೋಲ್. ಪ್ರೋಬ್ ಹಾಕಿದ್ದು 1 ಪಿಕೋಮೋಲ್. ಪ್ರತಿಯೊಂದು ಪ್ರೋಟೀನೂ ಜೀವಂತ ಇದ್ದು, ಪ್ರತಿಯೊಂದೂ ಡಿಎನ್‌ಎ ಹಿಡಿದರೂ ಮೇಲೆ ಹೋಗುವುದು ಪ್ರೋಬಿನ 11 ಪರ್ಸೆಂಟ್. ಅರ್ಧ ಸತ್ತಿದ್ದರೆ 5 ಅಥವಾ 6. ಕೆಳಗಿನ ಬ್ಯಾಂಡ್ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ. ಪ್ರೋಬನ್ನು 50 ಫೆಮ್ಟೋಮೋಲ್‌ಗೆ ಇಳಿಸಿ. ಆಗ ಪ್ರೋಟೀನ್ ಎರಡು ಪಟ್ಟು ಇರುತ್ತದೆ.

ಇನ್ನು ಪಾಲಿ ಡಿಐ-ಡಿಸಿ. ಇದು ಪಿ53ಯ ವಿಶೇಷ ತಲೆನೋವು. ಎಂಎಸ್ಸಿ ಫೈನಲ್, ನಿಮಗೂ ಅರ್ಥ ಆಗಲಿ ಅಂತ ಹೀಗೆ ಹೇಳುತ್ತೇನೆ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅಂದರೆ ಬೆಳಗ್ಗೆ ಪೇಪರ್ ಹಾಕುವ ಹುಡುಗ ಅಂದುಕೊಳ್ಳಿ. ಉದ್ದ ಬೀದಿಯಲ್ಲಿ ಗೊತ್ತಿರುವ ಮನೆ ನಂಬರ್ ಮುಂದೆ ಮಾತ್ರ ನಿಲ್ಲಬೇಕು. ನಿಂತ ಮೇಲೆ ಆರ್‌ಎನ್‌ಎ ಪಾಲಿಮರೇಸ್‌ನ ಕಡೆಯವರನ್ನು ಕೂಗಿ ಕರೆಯಬೇಕು, ಆಗ ಆ ಜೀನ್ ಓದಲು ಶುರು. ಮನುಷ್ಯರಲ್ಲಿ ಇಂಥ ಹುಡುಗರು 1,600ರಷ್ಟು ಇದ್ದಾರೆ. ಪಿ53ಯ ಗುಣ ಏನಂದರೆ ಅದಕ್ಕೆ ಎರಡು ಕೈ. ಮಧ್ಯದ ಭಾಗ ಮನೆ ನಂಬರ್ ಓದುತ್ತದೆ. ಬಾಲದ ತುದಿ ಮಾತ್ರ ಯಾವ ಕಾಂಪೌಂಡ್ ಸಿಕ್ಕರೂ ಒರಗಿಕೊಳ್ಳುತ್ತದೆ, ನಂಬರ್ ನೋಡುವುದೇ ಇಲ್ಲ. ನೀವು ಪ್ರೋಟೀನಿನ ತೂಕದ 50 ಪಟ್ಟು ಪಾಲಿ ಡಿಐ-ಡಿಸಿ ಸುರಿದಿದ್ದೀರಿ. ಅಷ್ಟು ಉದ್ದದ ಕಾಂಪೌಂಡ್ ಸಿಕ್ಕರೆ ಹುಡುಗ ಮನೆಗೆ ಯಾಕೆ ಹೋಗುತ್ತಾನೆ?

1992ರಲ್ಲೇ ಇದು ಗೊತ್ತಾಗಿತ್ತು. ಬ್ಯಾಕ್ಟೀರಿಯಾದಲ್ಲಿ ಮಾಡಿದ ಪೂರ್ತಿ ಉದ್ದದ ಪಿ53 ಸಣ್ಣ ಡಿಎನ್‌ಎ ತುಂಡನ್ನು ಅರೆಮನಸ್ಸಿನಿಂದ ಹಿಡಿಯುತ್ತದೆ. ಬಾಲ ಕತ್ತರಿಸಿದರೆ, ಅಥವಾ ಬಾಲಕ್ಕೆ ಫಾಸ್ಫೇಟ್ ಸೇರಿಸಿದರೆ, ಅಥವಾ ಪಿಎಬಿ421 ಅನ್ನೋ ಆಂಟಿಬಾಡಿಯಿಂದ ಬಾಲ ಹಿಡಿದುಕೊಂಡರೆ ಗಟ್ಟಿಯಾಗಿ ಹಿಡಿಯುತ್ತದೆ. ನಿಮ್ಮ ಲ್ಯಾಬಿನಲ್ಲಿ 421 ಇದ್ದರೆ ಒಂದು ಲೇನ್‌ಗೆ ಹಾಕಿ. ಪಾಲಿ ಡಿಐ-ಡಿಸಿಯನ್ನು 50 ನ್ಯಾನೋಗ್ರಾಂಗೆ ಇಳಿಸಿ.

ಎಂಎಸ್ಸಿ ಫೈನಲ್ | ರಾತ್ರಿ 8:10

ಅಕ್ಕ, ಇದನ್ನು ಕ್ಲಾಸಲ್ಲಿ ಹೀಗೆ ಹೇಳಿದ್ದರೆ ಹಿಂದಿನ ಬೆಂಚಲ್ಲಿ ನಿದ್ದೆ ಮಾಡುತ್ತಿರಲಿಲ್ಲ.

ಬಸವನಗುಡಿ ಓದುಗ | ರಾತ್ರಿ 9:00

ನಾನು ನಿಮ್ಮ ಕ್ಷೇತ್ರದವನಲ್ಲ, ಬ್ಯಾಂಕಿನಲ್ಲಿ ಕೆಲಸ. ಚಿಕ್ಕಮ್ಮನ ಬಯಾಪ್ಸಿ ರಿಪೋರ್ಟಿನಲ್ಲಿ "ಪಿ53 ಪಾಸಿಟಿವ್" ಅಂತ ಇತ್ತು. ಹುಡುಕುತ್ತಾ ಹೋದರೆ ಇದು ಕ್ಯಾನ್ಸರ್ ತಡೆಯುವ ಪ್ರೋಟೀನ್ ಅಂತ ಓದಿದೆ. ಹಾಗಾದರೆ ಪಾಸಿಟಿವ್ ಅಂದರೆ ಒಳ್ಳೆಯದೇ ಅಲ್ವಾ? ಮತ್ತೆ, ಹ್ಯೂಮನ್ ಪಿ53 ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಇದೆ. ಅದು ಮನುಷ್ಯರಿಂದ ತೆಗೆದದ್ದಾ? ಚಿಕ್ಕಮ್ಮನಿಗೆ ಕೊಡಿಸಬಹುದಾ? ಹುಚ್ಚು ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ.

ಪಿಪೆಟ್ ಅಕ್ಕ | ರಾತ್ರಿ 9:35

ಹುಚ್ಚು ಪ್ರಶ್ನೆ ಖಂಡಿತ ಅಲ್ಲ. ಒಂದೊಂದಾಗಿ ಹೇಳುತ್ತೇನೆ.

ಕೊಡಿಸಬೇಡಿ. ಆ ಟ್ಯೂಬಿನ ಮೇಲೆ "ಸಂಶೋಧನೆಗೆ ಮಾತ್ರ" ಅಂತ ಇರುವುದು ಸುಮ್ನೆ ಅಲ್ಲ. "ಹ್ಯೂಮನ್" ಅಂದರೆ ಮನುಷ್ಯರ ಜೀನಿನ ಅಕ್ಷರ ಬಳಸಿದ್ದಾರೆ ಅಂತ. ಯಾರ ಮೈಯಿಂದಲೂ ತೆಗೆದದ್ದಲ್ಲ. ಇಲ್ಲಿ ಅದನ್ನು ಮಾಡಿದ್ದು ಇ. ಕೋಲೈ ಬ್ಯಾಕ್ಟೀರಿಯಾ. ಆ ಬ್ಯಾಕ್ಟೀರಿಯಾದ ಹೊರಪದರದ ಚೂರುಗಳು ಪ್ರೋಟೀನ್ ಜೊತೆ ಉಳಿದಿರಬಹುದು, ರಕ್ತಕ್ಕೆ ಹೋದರೆ ಜ್ವರದಿಂದ ಹಿಡಿದು ಪ್ರಾಣಾಪಾಯದವರೆಗೆ ಆಗಬಹುದು. ಅದೆಲ್ಲಾ ತೆಗೆದರೂ ಪ್ರಯೋಜನ ಇಲ್ಲ. ಪಿ53 ಕೆಲಸ ಮಾಡುವುದು ಕೋಶದ ನ್ಯೂಕ್ಲಿಯಸ್ ಒಳಗೆ. ಹೊರಗಿನಿಂದ ಚುಚ್ಚಿದ ಪ್ರೋಟೀನ್ ತಾನಾಗಿ ಅಲ್ಲಿಗೆ ಹೋಗಿ ಕೂರುವುದಿಲ್ಲ. 2003ರಲ್ಲಿ ಚೀನಾ ಒಪ್ಪಿಗೆ ಕೊಟ್ಟ ಒಂದು ಚಿಕಿತ್ಸೆ ಇದೆ, ಅಲ್ಲಿ ಕೊಡುವುದು ವೈರಸ್ ಒಳಗೆ ಇಟ್ಟ ಪಿ53 ಜೀನ್. ಪ್ರೋಟೀನ್ ಕೊಡುವುದಿಲ್ಲ.

ರಿಪೋರ್ಟ್ ವಿಷಯ. ಎಂಡಿಎಂ2 ಪಿ53ಯನ್ನು ಬೇಗ ಬೇಗ ನಾಶಕ್ಕೆ ಕಳಿಸುತ್ತದೆ ಅಂದೆನಲ್ಲ? ಹಾಗಾಗಿ ಸಾಮಾನ್ಯ ಕೋಶದಲ್ಲಿ ಅದು ಸ್ವಲ್ಪವೇ ಇರುತ್ತದೆ. ಗಡ್ಡೆಯಲ್ಲಿ ಜೀನ್ ಕೆಟ್ಟಿದ್ದರೆ ಕೆಟ್ಟ ಪಿ53 ನಾಶವಾಗದೆ ರಾಶಿ ಬೀಳುವುದು ಸಾಮಾನ್ಯ. ಬಣ್ಣ ಹಾಕಿದಾಗ ಗಾಢವಾಗಿ ಕಾಣುವುದು ಹೆಚ್ಚಾಗಿ ಅದಕ್ಕೇ. ಆದರೆ ಎಷ್ಟು ಗಾಢ, ಯಾವ ಗಡ್ಡೆ, ಎಷ್ಟು ಕೋಶ, ಇದರ ಮೇಲೆ ಅರ್ಥ ಬದಲಾಗುತ್ತದೆ. ಒಂದೇ ಪದ ನೋಡಿ ಒಳ್ಳೆಯದು ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. ನೋಡುತ್ತಿರುವ ಆಂಕಾಲಜಿಸ್ಟ್ ಹತ್ತಿರವೇ "ಇದರಿಂದ ಚಿಕಿತ್ಸೆ ಏನಾದರೂ ಬದಲಾಗುತ್ತದಾ" ಅಂತ ನೇರವಾಗಿ ಕೇಳಿ. ಚಿಕ್ಕಮ್ಮ ಬೇಗ ಹುಷಾರಾಗಲಿ.

ಬಸವನಗುಡಿ ಓದುಗ | ರಾತ್ರಿ 9:50

ತುಂಬಾ ಥ್ಯಾಂಕ್ಸ್ ಮೇಡಂ. ಶುಕ್ರವಾರ ಅಪಾಯಿಂಟ್‌ಮೆಂಟ್ ಇದೆ, ಹಾಗೇ ಕೇಳುತ್ತೇನೆ. ಬ್ಯಾಕ್ಟೀರಿಯಾದಲ್ಲಿ ಮನುಷ್ಯರ ಪ್ರೋಟೀನ್ ಮಾಡುತ್ತಾರೆ ಅನ್ನೋದೇ ನನಗೆ ಹೊಸದು.

ಬೊಮ್ಮಸಂದ್ರ ನೈಟ್‌ಶಿಫ್ಟ್ | ರಾತ್ರಿ 10:15

ಸರ್, ಮನೆಯಲ್ಲಿ ಯಾರಾದರೂ ಇನ್ಸುಲಿನ್ ತಗೊಳ್ಳುತ್ತಾರಾ? ಅದೂ ಇದೇ ಉಪಾಯ. 1978ರಲ್ಲಿ ಇ. ಕೋಲೈನಲ್ಲಿ ಮನುಷ್ಯರ ಇನ್ಸುಲಿನ್ ಮಾಡಿದರು, 1982ರಲ್ಲಿ ಔಷಧಿಯಾಗಿ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ ಪಿಕಿಯಾ ಅನ್ನೋ ಯೀಸ್ಟಿನಲ್ಲಿ ಮಾಡುತ್ತದೆ. ಇನ್ಸುಲಿನ್ ಕೋಶದ ಹೊರಗೇ ನಿಂತು ಬಾಗಿಲು ತಟ್ಟುವ ಪ್ರೋಟೀನ್, ಅದಕ್ಕೇ ಚುಚ್ಚಿದರೆ ಕೆಲಸ ಮಾಡುತ್ತದೆ. ಔಷಧಿಯಾಗಿ ಮಾಡುವಾಗಿನ ಪರೀಕ್ಷೆಗಳ ರಾಶಿ ಬೇರೆಯೇ. ಲ್ಯಾಬಿನ ಟ್ಯೂಬಿಗೆ ಅದ್ಯಾವುದೂ ಆಗಿರುವುದಿಲ್ಲ.

ಬಫರ್ ಭಟ್ರು | ಗುರುವಾರ ಬೆಳಗ್ಗೆ 8:25

ಕಾಡಿನ ಮಾತು ಒಂದು. ಮನುಷ್ಯರಲ್ಲಿ ಪಿ53 ಜೀನ್ ಒಂದೇ, 17ನೇ ಕ್ರೋಮೋಸೋಮಿನಲ್ಲಿ. ಆಫ್ರಿಕಾದ ಆನೆಯಲ್ಲಿ ಅದರ 20 ಪ್ರತಿ ಇದೆ ಅಂತ 2015ರಲ್ಲಿ ಪ್ರಕಟವಾಯಿತು. ಅಷ್ಟು ದೊಡ್ಡ ಮೈ, ಅಷ್ಟು ಕೋಶ, ಆದರೂ ಕ್ಯಾನ್ಸರ್ ಕಮ್ಮಿ. ಹೆಚ್ಚಿನವು ಪೂರ್ತಿ ಜೀನ್ ಅಲ್ಲ, ತುಂಡು ಪ್ರತಿಗಳು. ಆದರೂ ಬಂಡೀಪುರದ ರಸ್ತೆಯಲ್ಲಿ ಆನೆ ಅಡ್ಡ ನಿಂತಾಗ ನನಗೆ ಈಗ ಬೇರೆಯೇ ಗೌರವ.

ಕೆಲಸದ ಮಾತಿಗೆ ಬರುತ್ತೇನೆ. ಇಷ್ಟು ದುಡ್ಡು ಕೊಟ್ಟು ಎರಡು ಹನಿ ತರಿಸುವ ಬದಲು ನೀವೇ ಮಾಡಿಕೊಳ್ಳಿ ಅಂತ ನನ್ನ ಸಲಹೆ. ಪೂರ್ತಿ ಉದ್ದದ್ದು ಹಟಮಾರಿ, 37ರಲ್ಲಿ ಬೆಳೆಸಿದರೆ ಬಹುಪಾಲು ಮುದ್ದೆಯಾಗಿ ತಳದಲ್ಲಿ ಕೂರುತ್ತದೆ. ಆದರೆ ಡಿಎನ್‌ಎ ಹಿಡಿಯುವ ಭಾಗ ಮಾತ್ರ, 94ರಿಂದ 312ರವರೆಗೆ, ಹೇಳಿದ ಮಾತು ಕೇಳುತ್ತದೆ. ಐಪಿಟಿಜಿ (ಬ್ಯಾಕ್ಟೀರಿಯಾ ಪ್ರೋಟೀನ್ ಮಾಡಲು ಶುರುಮಾಡಿಸುವ ರಾಸಾಯನಿಕ) ಹಾಕುವ ಮುಂಚೆ ಫ್ಲಾಸ್ಕನ್ನು 18 ಡಿಗ್ರಿಗೆ ಇಳಿಸಿ, ಝಿಂಕ್ ಕ್ಲೋರೈಡ್ ಚೂರು ಹಾಕಿ, ರಾತ್ರಿಯಿಡೀ ಬಿಡಿ. ಪ್ರೋಟಿಯೇಸ್ ತಡೆಯುವ ಮಾತ್ರೆ ಇಡಿಟಿಎ ಇಲ್ಲದ್ದೇ ಆಗಿರಲಿ. ಇಲ್ಲದಿದ್ದರೆ ಹಿಸ್ ಟ್ಯಾಗ್ ಹಿಡಿಯುವ ನಿಕಲ್ ಕಾಲಮ್‌ನ ನಿಕಲ್ಲೂ ಹೋಗುತ್ತದೆ, ಪ್ರೋಟೀನಿನ ಝಿಂಕೂ ಹೋಗುತ್ತದೆ. ನನ್ನ ಮೊದಲ ಸಲ ನೀಲಿ ಕಾಲಮ್ ಕಣ್ಣೆದುರೇ ಬೆಳ್ಳಗಾಯಿತು. ಕೋಲ್ಡ್‌ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ನೋಡುತ್ತಾ ನಿಂತಿದ್ದೆ. ಆಮೇಲೆ ಹೆಪಾರಿನ್ ಕಾಲಮ್. ಹೆಪಾರಿನ್ ಮೈತುಂಬಾ ನೆಗೆಟಿವ್ ಚಾರ್ಜ್, ಡಿಎನ್‌ಎ ಅಂದುಕೊಂಡು ಪಿ53 ಅಂಟುತ್ತದೆ. ಚೆನ್ನಾಗಿ ಮಡಿಚಿದ್ದು ಉಪ್ಪು ಏರಿಸಿದಾಗ ಇಳಿದು ಬರುತ್ತದೆ.

ಪಿಪೆಟ್ ಅಕ್ಕ | ಬೆಳಗ್ಗೆ 9:00

ಭಟ್ರೇ, ಬರೀ ಡಿಎನ್‌ಎ ಹಿಡಿಯುವ ಭಾಗ ಸಾಕಾ ಅನ್ನೋದು ಅವರ ಪ್ರಶ್ನೆ ಏನು ಅನ್ನೋದರ ಮೇಲೆ. ನಾಲ್ಕು ಸೇರುವ ಭಾಗ ಅದರಾಚೆ, 325ರ ನಂತರ ಇದೆ. ಬಾಲವೂ ಇರುವುದಿಲ್ಲ. ಮತ್ತೆ, ಹೊಸಬರು ಹೀಗೆ ಮಾಡಿಕೊಳ್ಳಲು ಹೋಗಿ ಆರು ತಿಂಗಳು ಕಳೆದದ್ದನ್ನು ನೋಡಿದ್ದೇನೆ. ಆ ಆರು ತಿಂಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬಫರ್ ಭಟ್ರು | ಬೆಳಗ್ಗೆ 9:04

ಅದೂ ಹೌದು. ನನ್ನದು ಎಂಟು ತಿಂಗಳು.

ಶಿಫ್ಟ್ ಕಾಣದವ | ಶುಕ್ರವಾರ ರಾತ್ರಿ 12:15

ಫಲಿತಾಂಶದ ಜೊತೆ ಬಂದಿದ್ದೇನೆ!

ಹೊಸ ಅಲಿಕಾಟ್ ತೆಗೆದೆ. ಡೈಲ್ಯೂಷನ್‌ಗೆ ಇಡಿಟಿಎ ಇಲ್ಲದ ಬಫರ್, ಅವತ್ತೇ ಕಲಸಿದ ಡಿಟಿಟಿ, ಟ್ಯೂಬಿಗೆ ಅಂಟದಿರಲಿ ಅಂತ ಸ್ವಲ್ಪ ಬಿಎಸ್‌ಎ. ಪ್ರೋಬ್ 50 ಫೆಮ್ಟೋಮೋಲ್. ಪಾಲಿ ಡಿಐ-ಡಿಸಿ 50 ನ್ಯಾನೋಗ್ರಾಂ. ಎಲ್ಲಾ ಐಸ್ ಮೇಲೆ 20 ನಿಮಿಷ. ಜೆಲ್ ಕೋಲ್ಡ್‌ರೂಮಿನಲ್ಲಿ ಓಡಿಸಿದೆ. ಓಟ ನೋಡಲು ಹಾಕುವ ಬ್ರೋಮೋಫೀನಾಲ್ ಬ್ಲೂ ಬಣ್ಣ ಖಾಲಿ ಲೇನ್‌ಗೆ ಮಾತ್ರ.

ಎರಡನೇ ಲೇನ್‌ನಲ್ಲಿ ತೆಳು ಬ್ಯಾಂಡ್ ಮೇಲೆ ಬಂದಿದೆ. ಹೌದೋ ಅಲ್ಲವೋ ಅನ್ನುವಷ್ಟು. ಆದರೆ ಪಕ್ಕದಲ್ಲಿ 421 ಆಂಟಿಬಾಡಿ ಹಾಕಿದ ಲೇನ್ ನೋಡಿ ಕೂಗಿಬಿಟ್ಟೆ. ಇನ್ನೂ ಮೇಲೆ, ಕಪ್ಪಗೆ, ದಪ್ಪಗೆ ಬ್ಯಾಂಡ್. ಬಣ್ಣ ಹಚ್ಚದ ಅದೇ ಡಿಎನ್‌ಎ 100 ಪಟ್ಟು ಹಾಕಿದ ಲೇನ್‌ನಲ್ಲಿ ಮಾಯ. ಜಾಗ ಕೆಡಿಸಿದ ಡಿಎನ್‌ಎ 100 ಪಟ್ಟು ಹಾಕಿದ ಲೇನ್‌ನಲ್ಲಿ ಹಾಗೇ ಇದೆ.

ಇಲ್ಲಿನ ಜಗಳ ಬಗೆಹರಿಸಲು ಇನ್ನೂ ಮೂರು ಲೇನ್ ಇಟ್ಟಿದ್ದೆ, ಮೂರಕ್ಕೂ 421 ಹಾಕಿ. ಟಿಇಯಲ್ಲಿ ಡೈಲ್ಯೂಟ್ ಮಾಡಿ ಐಸ್ ಮೇಲೆ ಅರ್ಧ ಗಂಟೆ: ಬ್ಯಾಂಡ್ ಇದೆ, ಸ್ವಲ್ಪ ಕಮ್ಮಿ. ಇಡಿಟಿಎ ಇಲ್ಲದೆ 37ರಲ್ಲಿ ಅರ್ಧ ಗಂಟೆ: ಬಹಳ ತೆಳು. ಟಿಇಯಲ್ಲಿ 37: ಏನೂ ಇಲ್ಲ.

ಹಳೇ ಕೋಲ್ಡ್‌ರೂಮ್ | ಬೆಳಗ್ಗೆ 6:05

ಭೇಷ್. ಭಟ್ರೇ, ಓದಿದಿರಾ?

ಬಫರ್ ಭಟ್ರು | ಬೆಳಗ್ಗೆ 7:30

ಓದಿದೆ ಓದಿದೆ. "ಸ್ವಲ್ಪ ಕಮ್ಮಿ" ಅನ್ನೋದನ್ನು ನೀವೂ ಓದಿ. ಹೋಳಿಗೆಯ ಒಂದು ಚೂರಾದರೂ ಹೋಗಿದೆ.

ಪಿಪೆಟ್ ಅಕ್ಕ | ಬೆಳಗ್ಗೆ 8:15

ಚೆನ್ನಾಗಿದೆ. ಒಂದೇ ಸಲ ಮಾಡಿದ್ದು ಅನ್ನೋದು ನೆನಪಿರಲಿ, ಇನ್ನೆರಡು ಸಲ ಮಾಡಿ. ಆಮೇಲೆ ಇನ್ನೊಂದು ಕಂಟ್ರೋಲ್ ಬೇಕು: ಮಡಿಕೆ ಸರಿಯಿದ್ದು ಡಿಎನ್‌ಎ ಹಿಡಿಯಲಾಗದ ಪಿ53. ಆರ್273ಹೆಚ್ ಸರಿಹೋಗುತ್ತದೆ. 273ನೇ ಜಾಗದ ಆರ್ಜಿನಿನ್ ನೇರವಾಗಿ ಡಿಎನ್‌ಎ ಮುಟ್ಟುವಂಥದ್ದು, ಅದು ಬದಲಾದರೆ ಆಕಾರ ಉಳಿಯುತ್ತದೆ, ಹಿಡಿತ ಹೋಗುತ್ತದೆ. ಆರ್175ಹೆಚ್ ಬೇಡ, ಅದರಲ್ಲಿ ಝಿಂಕ್ ಹತ್ತಿರದ ಮಡಿಕೆಯೇ ಕೆಟ್ಟಿರುತ್ತದೆ, ನಿಮ್ಮ ಸತ್ತ ಅಲಿಕಾಟ್‌ಗೂ ಅದಕ್ಕೂ ಜೆಲ್‌ನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಫರ್ ಭಟ್ರು | ಬೆಳಗ್ಗೆ 8:40

ಆರ್273ಹೆಚ್ ನನ್ನ ಹತ್ತಿರ ಇದೆ. ಬರೀ ಡಿಎನ್‌ಎ ಹಿಡಿಯುವ ಭಾಗದ್ದು, ಹಾಗಾಗಿ ಅದೇ ಭಾಗದ ಸರಿಯಾದ ಪಿ53ಯನ್ನೂ ಕೊಡುತ್ತೇನೆ, ಎರಡನ್ನೂ ಪಕ್ಕಪಕ್ಕ ಓಡಿಸಿ. 5 ಮೈಕ್ರೋಲೀಟರ್‌ನ ಆರಾರು ಟ್ಯೂಬ್. ಯಶವಂತಪುರದ ಹತ್ತಿರ ಬಂದು ತಗೊಂಡು ಹೋಗಿ. ಥರ್ಮೋಕೋಲ್ ಡಬ್ಬ ನೀವೇ ತನ್ನಿ, ನನ್ನದನ್ನು ಹೋದ ಸಲ ತಗೊಂಡು ಹೋದವರು ವಾಪಸ್ ಕೊಟ್ಟಿಲ್ಲ.

ಶಿಫ್ಟ್ ಕಾಣದವ | ಬೆಳಗ್ಗೆ 8:52

ಸರ್, ನಾಳೆ ಹತ್ತು ಗಂಟೆಗೆ ಬರುತ್ತೇನೆ. ಡ್ರೈ ಐಸ್ ನಮ್ಮ ಲ್ಯಾಬಿನಿಂದಲೇ ತರುತ್ತೇನೆ. ಹೆಬ್ಬಾಳದ ಟ್ರಾಫಿಕ್ ಲೆಕ್ಕ ಹಾಕಿ ಎರಡು ಕೆಜಿ ಸಾಕಾ?

ಹಳೇ ಕೋಲ್ಡ್‌ರೂಮ್ | ಬೆಳಗ್ಗೆ 8:55

ಮೂರು ತಗೋ. ಡಬ್ಬದ ಮುಚ್ಚಳ ಟೇಪ್ ಹಾಕಿ ಗಾಳಿಯಾಡದಂತೆ ಬಿಗಿಯಬೇಡ, ಒಳಗೆ ಗ್ಯಾಸ್ ತುಂಬುತ್ತದೆ. ಕ್ಯಾಬಿನಲ್ಲಿ ಬಂದರೆ ಕಿಟಕಿ ತೆಗೆದಿಡು.